ಕ್ಷೇಮವೆಂದು ಬರೆದ ಕಾಗದ

ಮೊನ್ನೆ ಚಳ್ಳಕೆರೆಯ ನಮ್ಮ ಮನೆಯಲ್ಲಿ, ಮೊಮ್ಮಗಳ ಮದುವೆಗೆ ತಂದ ಮೊಳಕಾಲ್ಮುರು ಸೀರೆಯ ಮಡಿಕೆ ಬಿಚ್ಚಿದರು. ಹೊಸ ರೇಷ್ಮೆಯ ವಾಸನೆ ಮೂಗಿಗೆ ಬಡಿಯಿತು. ಎಲ್ಲರೂ ಅಂಚು ನೋಡುತ್ತಿದ್ದರೆ ನಾನೊಬ್ಬ ಎದ್ದು ಜಗಲಿಗೆ ಬಂದು ಕೂತೆ. ಮೊಳಕಾಲ್ಮುರಿನಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ನೇಕಾರ ತಾತ ನೆನಪಾಗಿದ್ದ...

ಆಗ ನಮ್ಮ ಕಡೆಗೆ ಮೋಟಾರು ಬಂದಿರಲಿಲ್ಲ. ನಾನು ಮೊಳಕಾಲ್ಮುರಿಗೆ ಹೊಸದಾಗಿ ಬಂದ ಮೇಷ್ಟ್ರು. ನನ್ನ ಬಾಡಿಗೆ ಮನೆಯ ಗೋಡೆಗೆ ಅಂಟಿದಂತೆ ತಾತನ ಮಗ್ಗದ ಮನೆ. ಅವನ ಹೆಂಡತಿ ತೀರಿಹೋಗಿದ್ದಳು. ಒಬ್ಬಳೇ ಮಗಳು, ಪರಶುರಾಂಪುರದಲ್ಲಿ ಮಗ್ಗ ಬಿಟ್ಟು ಹೊಲ ಹಿಡಿದವರ ಮನೆಯ ಸೊಸೆ. ಬೀದಿಯವರ ಕಾಗದಗಳನ್ನೆಲ್ಲ ನಾನೇ ಬರೆದುಕೊಡುತ್ತಿದ್ದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ನನಗೆ ಬಂದಿದ್ದ ಐಶ್ವರ್ಯ ನಾಲ್ಕಕ್ಷರ.

ಒಂದು ಬೆಳಿಗ್ಗೆ ತಾತ ಗೋಡೆ ಹಿಡಿದುಕೊಂಡು ಬಂದು ಕೂತ. ಮಗಳು ಒಮ್ಮೆ ಬಂದು ಹೋಗುವಂತೆ ಬರೆಯಬೇಕೆಂದ. ಏನೆಂದು ಬರೆಯಲಿ ಎಂದೆ.

"ನೂಲು ಹರಿದ್ರೆ ಬೆರಳಿಗೆ ಗೊತ್ತಾಗ್ತಿಲ್ಲ ಅಂತ ಬರೀರಿ ಮೇಷ್ಟ್ರೇ. ಕೆಂಪು ಯಾವ್ದೋ ಕಪ್ಪು ಯಾವ್ದೋ, ಎಲ್ಲ ಒಂದೇ ಆಗೈತೆ. ಗಂಜಿ ಹಳಸಿದ್ರೂ ವಾಸ್ನೆ ಬರಂಗಿಲ್ಲ, ರೊಟ್ಟಿ ಮಣ್ಣು ತಿಂದಂಗೈತೆ. ನನ್ ಮಗ್ಗದ ಸದ್ದೇ ಯಾರ್ದೋ ಮನೇದು ಅನ್ನಂಗೆ ಕೇಳ್ತೈತೆ. ಇಷ್ಟು ಬರೀರಿ, ಸಾಕು."

ನನಗೆ ಒಳಗೊಳಗೇ ನಗು. ಕಾಗದಕ್ಕೊಂದು ಕ್ರಮವಿಲ್ಲವೇ? ಮೊದಲು ಕ್ಷೇಮ, ಆಮೇಲೆ ಮಿಕ್ಕಿದ್ದು. ಸಾಯುತ್ತ ಮಲಗಿದವನ ಮನೆಯಿಂದಲೂ ಕಾಗದ ಹಾಗೆಯೇ ಹೊರಡಬೇಕು. ಇಲ್ಲಿ ಸರ್ವರೂ ಕ್ಷೇಮ, ದೇಹದಲ್ಲಿ ತುಸು ಆಲಸ್ಯ, ಅನುಕೂಲವಾದಾಗ ಬಂದು ಹೋಗುವುದು ಎಂದು ಮುತ್ತು ಪೋಣಿಸಿದಂತೆ ಬರೆದು ಓದಿ ಹೇಳಿದೆ. ಬೆರಳಿನ ಮಾತು ಬರಲಿಲ್ಲವಲ್ಲ ಎಂದು ತಾತ ಮೆಲ್ಲಗೆ ಕೇಳಿದ. ಅದೆಲ್ಲ ಆಲಸ್ಯದಲ್ಲೇ ಬಂತು ಎಂದೆ. ಓದಿದವರು, ನಿಮಗೆ ಗೊತ್ತು ಎಂದು ಎದ್ದುಹೋದ.

ಆಮೇಲೆ ಬೀದಿಯಲ್ಲಿ ಗಾಡಿ ಬಂದಾಗಲೆಲ್ಲ ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದ. ಇನ್ನೊಂದು ಕಾಗದ ಬರೆಯಬೇಕೆಂದು ನನಗೆ ಹೊಳೆಯಲಿಲ್ಲ. ಅವನು ಹಾಸಿಗೆ ಹಿಡಿದ ಮೇಲೆ ಆಳು ಕಳಿಸಿದೆವು. ಮಗಳು ಬಂದಾಗ ಮಣ್ಣು ಮಾಡಿ ಮೂರು ದಿನವಾಗಿತ್ತು.

ಸೆರಗಿನ ಗಂಟಿನಿಂದ ಆ ಕಾಗದ ತೆಗೆದು ನನ್ನ ಮುಂದಿಟ್ಟಳು. ಶಾನುಭೋಗರಿಂದ ಎರಡು ಸಲ ಓದಿಸಿದ್ದಳಂತೆ. ಕ್ಷೇಮ ಅಂತಿದೆಯಲ್ಲ, ನವಣೆ ಕೊಯ್ಲು ಮುಗಿಸಿಕೊಂಡು ಹೋಗು ಎಂದು ಮನೆಯವರು ಹೇಳಿದರಂತೆ. ನಾಯನ, ಎಂದರೆ ಅವಳಪ್ಪ, ಇನ್ನೇನಾದರೂ ಹೇಳಿದ್ದನೇ ಎಂದು ಕೇಳಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ತಾತ ಅಂದದ್ದನ್ನು ಅಂದಂತೆಯೇ ಹೇಳಿದೆ. ಬೆರಳಿನ ಮಾತಿಗೇ ಅವಳು ಗೋಡೆಗೆ ಒರಗಿದಳು.

"ಅದೊಂದು ಮಾತು ಬರ್ದಿದ್ರೆ ನಡ್ಕಂಡಾದ್ರೂ ಬರ್ತಿದ್ದೆ ಸ್ವಾಮಿ. ನಮ್ ನಾಯನಿಗೆ ಬೆರಳು ಹೋದ್ಮೇಲೆ ಇನ್ನೇನೈತೆ?"

ನಾನು ಕೈ ಮುಗಿದೆನೋ ಇಲ್ಲವೋ, ನೆನಪಿಲ್ಲ.

ಅಲ್ಲಿಂದೀಚೆ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೆ. ಕಂಡದ್ದು, ಕೇಳಿದ್ದು, ಮುಟ್ಟಿದ್ದು, ಮೂಸಿದ್ದು, ತಿಂದದ್ದು ಮೊದಲು ಬರೆಯಿರಿ, ಕ್ರಮ ಆಮೇಲೆ ಎಂದು ಗದರಿದೆ. ಯಾಕೆಂದು ಯಾರಿಗೂ ಹೇಳಲಿಲ್ಲ. ಆ ಹೆಣ್ಣುಮಗಳಿಗೆ ತಪ್ಪೊಪ್ಪಿಕೊಂಡು ಒಂದು ಕಾಗದ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಮೊನ್ನೆಯೂ ಕೂತೆ. ಅವಳೀಗ ಇದ್ದಾಳೋ ಇಲ್ಲವೋ. ಇದ್ದರೂ ಅವಳಿಗೆ ಓದು ಬರದು. ನಾನು ಬರೆದದ್ದನ್ನು ಮತ್ತೆ ಯಾರೋ ಓದಿದವರೇ ಅವಳಿಗೆ ಹೇಳಬೇಕು.