ಜ್ವರದ ಹುಳುಗಳ ಬಸ್ ಪ್ರಯಾಣ

ರೇಷ್ಮೆ ಹುಳು ಪೊರೆ ಬಿಡೋಕೆ ಮುಂಚೆ ಸೊಪ್ಪು ತಿನ್ನೋದು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತೆ. ನಮ್ಮ ಕಡೆ ಅದಕ್ಕೆ ಜ್ವರ ಅಂತಾರೆ. ಆ ಹೊತ್ತಲ್ಲಿ ಕುಲುಕಿದರೆ ಅದರ ಮೈಯೊಳಗೆ ಏನಾಗುತ್ತೆ ಅನ್ನೋದು ನನ್ನ ಸಂಶೋಧನೆ. ಲ್ಯಾಬಿನ ಕುಲುಕೋ ಯಂತ್ರ ಕೆಟ್ಟಿತ್ತು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗೋ ಬಸ್ಸಿನ ಹಿಂದಿನ ಸೀಟು ಯಾವ ಯಂತ್ರಕ್ಕೂ ಕಮ್ಮಿಯಿಲ್ಲ ಅಂತ, ಹುಳುಗಳ ಡಬ್ಬಿ ಹಿಡಿದು ಅಲ್ಲಿ ಕೂತೆ.

ಪಕ್ಕದಲ್ಲಿದ್ದ ಹೆಂಗಸು ಜಾಲರಿ ಮುಚ್ಚಳದೊಳಗೆ ಇಣುಕಿದರು.

"ಜ್ವರಕ್ಕೆ ಕೂತಿರೋ ಹುಳ ಕಣಮ್ಮ. ಇಂಥಾ ಹೊತ್ತಲ್ಲಿ ಯಾರಾದ್ರೂ ಬಸ್ಸಿಗೆ ತರ್ತಾರಾ?"

ಅಂದವರೇ ಡಬ್ಬಿ ಕಿತ್ತುಕೊಂಡು, ಸೆರಗು ಮಡಿಚಿ ಹಾಸಿ, ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ನಿಧಾನಕ್ಕೆ ಓಡಿಸು ಅಂತ, ತೆಲುಗು ಬೆರೆಸಿ ಡ್ರೈವರಿಗೆ ಕೂಗಿದರು: "ಮೆಲ್ಲಗಾ ಪೋನೀಯಪ್ಪಾ, ಹುಳ ಇದಾವೆ."

ಡ್ರೈವರ್ ಮನೇಲೂ ಹುಳ ಸಾಕ್ತಾರಂತೆ. ಅಲ್ಲಿಂದಾಚೆ ಬಸ್ಸು ಪ್ರತಿ ಹಂಪನ್ನೂ ತುಂಬಿದ ಬಿಂದಿಗೆ ಹೊತ್ತವರ ಹಾಗೆ ದಾಟಿತು. ಕಂಡಕ್ಟರ್ ಹಾಡು ನಿಲ್ಲಿಸಿದ.

"ಅಮ್ಮ, ಅವು ಕುಲುಕಬೇಕು. ಅದಕ್ಕೇ ತಂದಿರೋದು," ಅಂದೆ.

ಮುಂದಿನ ಸೀಟಿನವರೆಲ್ಲ ತಿರುಗಿ, ಮಗುವಿನ ಕೈಯಿಂದ ಹಾಲು ಕಸಿದವಳನ್ನು ನೋಡೋ ಹಾಗೆ ನೋಡಿದರು. ಡಬ್ಬಿ ಅವರ ಮಡಿಲಲ್ಲೇ ಬಿಟ್ಟೆ. ನಿಜ ಹೇಳಬೇಕಂದ್ರೆ, ಆ ಬಸ್ಸಿನಲ್ಲಿ ಅಷ್ಟು ಸುಖವಾಗಿ ನಾನೂ ಎಂದೂ ಹೋಗಿರಲಿಲ್ಲ.

ಹುಳುಗಳು, ಲ್ಯಾಬಿನಲ್ಲೇ ಬಿಟ್ಟಿದ್ದ ಹುಳುಗಳಷ್ಟೇ ಚೆನ್ನಾಗಿ ಪೊರೆ ಬಿಟ್ಟವು. ಕುಲುಕಿದರೂ ಏನೂ ಆಗಿಲ್ಲವಲ್ಲ, ಯಾಕೆ ಅಂತ ನಮ್ಮ ಪ್ರೊಫೆಸರ್ ಕೇಳಿದರು.

"ರಸ್ತೆ ಚೆನ್ನಾಗಿದೆ ಸಾರ್," ಅಂದೆ.

ಅವರೂ ದಿನಾ ಅದೇ ರಸ್ತೇಲಿ ಬರೋರು. ನಂಬಲಿಲ್ಲ.