ದೋರಗಾಯಿಯ ಬಣ್ಣ

ಮಂಜು, ನಿನ್ನ ಕಣ್ಣಿಗೆ ಕೆಂಪು ಬೇರೆ, ಹಸಿರು ಬೇರೆ ಎಂದು ಕಾಣುವುದಿಲ್ಲ ಎಂಬುದು ನಿನ್ನನ್ನು ಹೆತ್ತ ನನಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನು ಮೈಗಳ್ಳ ಎಂದೆ — ನಿಮ್ಮಪ್ಪನ ಎದುರಿಗೆ, ನೀನು ಏಟು ತಿನ್ನುತ್ತಿದ್ದಾಗ. ಥೂ, ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ಹೇಗೆ ಗೊತ್ತಿತ್ತು ಎಂದು ಕೇಳುತ್ತೀಯ. ನಿನ್ನ ತಾತ, ಅಂದರೆ ನನ್ನಪ್ಪ, ಕೋರಮಂಡಲ್ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದಾಗ ನಾನೇ ಅವನ ಕಣ್ಣಾಗಿದ್ದೆ. ಸಂತೆಯಲ್ಲಿ ತರಕಾರಿಯವಳ ಮುಂದೆ ನಿಂತು ನನ್ನ ಕೈಯನ್ನು ಸುಮ್ಮನೆ ಹಿಸುಕುತ್ತಿದ್ದ. ನಾನು ಮೆಲ್ಲಗೆ 'ಹಣ್ಣು' ಎಂದೋ 'ಕಾಯಿ' ಎಂದೋ ಹೇಳಬೇಕು. ಒಲೆಯ ಮೇಲಿನ ಕುರಿ ಬಾಡು ಬೆಂದಿದೆಯೋ ಇಲ್ಲವೋ ನೋಡಿ ಹೇಳಲಾರ, ಹಿಸುಕಿಯೇ ತಿಳಿಯಬೇಕು. ಗಣಿಯವರಿಗೆ ಗೊತ್ತಾದರೆ ಕೆಲಸಕ್ಕೆ ಕುತ್ತು ಎಂದು ಅಮ್ಮ ನನ್ನ ಬಾಯಿ ಕಟ್ಟಿದ್ದಳು. ನಾನು ಮದುವೆಯಾಗಿ ಬೇತಮಂಗಲದ ಕಡೆಗೆ ಬರುವಾಗಲೂ ಅದೇ ಮಾತು: "ಅವ್ರ ಮನೇಲಿ ಬಾಯಿ ಬಿಡ್ಬೇಡ ಕಣೇ. ವಂಶಾನೇ ಸರಿ ಇಲ್ಲ ಅಂತಾರೆ."

ನೀನು ಶಾಲೆಗೆ ಸೇರಿದ ವರ್ಷ ಗಿಣಿಯ ಚಿತ್ರಕ್ಕೆ ಕಂದು ಬಣ್ಣ ಬಳಿದು ತಂದು ತೋರಿಸಿದೆ. ತಾತನ ಕಣ್ಣೇ ನಿನಗೂ ಬಂದಿದೆ ಎಂದು ನನಗೆ ಆಗಲೇ ತಿಳಿಯಿತು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ.

ಆಮೇಲೆ ಆ ಟೊಮೇಟೊ ದಿನ. ನಿನಗೆ ಆಗ ಮೀಸೆ ಚಿಗುರುವ ವಯಸ್ಸು. ದೂರದ ಊರಿಗೆ ಹೋಗುವ ಸರಕು, ದೋರಗಾಯಿಯನ್ನೇ ಕೀಳಬೇಕಿತ್ತು — ಹಸಿರು ಕಳೆದು ಕೆಂಪು ಆಗತಾನೇ ಇಣುಕುವಂಥದ್ದು. ನೀನು ಹಸಿಕಾಯಿಯನ್ನೂ ಸೇರಿಸಿ ಬಾಕ್ಸು ತುಂಬಿದೆ. ಮಂಡಿಯಲ್ಲಿ ಬಾಕ್ಸು ಸುರಿದು ನೋಡಿದವರು ನಿಮ್ಮಪ್ಪನಿಗೆ ಎಲ್ಲರೆದುರು ಉಗಿದರು. ನಿಮ್ಮಪ್ಪ ಮನೆಗೆ ಬಂದವರೇ ಡ್ರಿಪ್ ಪೈಪಿನ ತುಂಡು ಕೈಗೆತ್ತಿಕೊಂಡರು.

"ಅಮ್ಮಾ, ನೀನಾದ್ರೂ ಯೋಳಮ್ಮಾ! ಎಲ್ಡೂ ನಂಗೆ ಒಂದೇ ತರ ಕಾಣ್ತವೆ!" ಎಂದು ನನ್ನ ಕಡೆ ತಿರುಗಿದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಾನು ಅವರ ಮುಖ ನೋಡಿದೆ. ಆಮೇಲೆ ನನ್ನ ಬಾಯಿಂದ ಬಂದದ್ದು —

"ಸುಳ್ಳು. ಮೈಗಳ್ಳ ಇವ್ನು, ಬೇಕಂತ್ಲೇ ಮಾಡ್ತಾನೆ."

ನೀನು ಅಳುವುದನ್ನೇ ನಿಲ್ಲಿಸಿಬಿಟ್ಟೆ. ಏಟು ಮಾತ್ರ ನಿಲ್ಲಲಿಲ್ಲ. ಅಂದಿನಿಂದ ಮನೆಯಲ್ಲಿ ನಿನಗೆ ದಂಡಪಿಂಡ ಎಂದೇ ಹೆಸರಾಯಿತು, ನೀನೂ ಅದನ್ನೇ ನಂಬಿದೆ. ಅಂಗಡಿಯಲ್ಲಿ ಬಣ್ಣ ಆರಿಸಲಾರದೆ ಬಿಳಿ ಶರ್ಟನ್ನೇ ತರುತ್ತಿದ್ದೆ. ಕೇಳಿದರೆ "ನಂಗೆ ತಲೆ ಓಡಲ್ಲ ಬಿಡಮ್ಮ" ಎನ್ನುತ್ತಿದ್ದೆ. ತಲೆಯಲ್ಲ ಮಗಾ, ಕಣ್ಣು — ಇಷ್ಟು ಹೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಪ್ರತಿ ಸಲವೂ ನುಂಗಿಕೊಂಡೆ.

ಹೋದ ವರ್ಷ ನೀನು ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ವೈರಿಂಗ್ ಕೆಲಸಕ್ಕೆಂದು ಹೋದೆ. ವೈದ್ಯರು ತೋರಿಸಿದ ಬಣ್ಣದ ಚುಕ್ಕೆಗಳ ನಡುವೆ ಅಡಗಿದ್ದ ಅಂಕಿ ನಿನಗೆ ಕಾಣಲಿಲ್ಲ, ಕೆಲಸ ಕೈತಪ್ಪಿತು. ಮುಖ ಸಪ್ಪಗೆ ಮಾಡಿಕೊಂಡು ಬರುತ್ತೀಯ ಎಂದುಕೊಂಡಿದ್ದೆ. ನೀನು ಬಸ್ಸಿಳಿದವನೇ ನಗುತ್ತಾ ಓಡಿಬಂದೆ!

"ಅಮ್ಮೋ, ನಾನು ದಡ್ಡ ಅಲ್ವಂತೆ! ನನ್ ಕಣ್ಣೇ ಅಂಗಂತೆ! ಉಟ್ದಾಗಿಂದ್ಲೇ ಇರ್ತದಂತೆ. ತಾಯಿ ಕಣ್ಣು ಸರಿಯಾಗೇ ಇದ್ರೂ ತಾಯಿ ಕಡೆಯಿಂದ್ಲೇ ಬತ್ತದಂತೆ. ತಾತಂಗೂ ಇತ್ತೇನಮ್ಮಾ?"

"ಇಲ್ಲಪ್ಪ," ಎಂದೆ. "ತಾತನ ಕಣ್ಣು ಚೆನ್ನಾಗಿತ್ತು."

ಅತ್ತೆ ಆಗಲೇ ತೀರಿಕೊಂಡಿದ್ದರು. ನಿಮ್ಮಪ್ಪ ತೋಟದಲ್ಲಿದ್ದರು. ಯಾರ ಹೆದರಿಕೆಯೂ ಇರಲಿಲ್ಲ, ಮಂಜು — ಸುಳ್ಳು ತಾನಾಗಿ, ಸಲೀಸಾಗಿ ಬಂತು. ನೀನು ನನ್ನ ಹೆಗಲ ಮೇಲೆ ಕೈಯಿಟ್ಟು "ಬಿಡಮ್ಮ, ನಿಂಗೇನು ಗೊತ್ತಿತ್ತು" ಎಂದು ನನ್ನನ್ನೇ ಸಮಾಧಾನ ಮಾಡಿದೆ. ನಾನು ಹೂಂ ಎಂದು ತಲೆಯಾಡಿಸಿದೆ. ಛೀ! ಮೊದಲನೆಯದನ್ನಾದರೂ ಹೆದರಿಕೆ ಎನ್ನಬಹುದೇನೋ, ಇದನ್ನು — ಇದಕ್ಕೆ ಹೆಸರು ಹುಡುಕುವುದಕ್ಕೂ ನನಗೆ ಅಸಹ್ಯ.

ಈಗ ನೀನು ಊರಿನ ಡೈರಿಯಲ್ಲಿ ಹಾಲು ಅಳೆಯುತ್ತೀಯ. ಸಿಗ್ನಲಿನಲ್ಲಿ ಉರಿಯುವುದು ಮೇಲಿನ ದೀಪವೋ ಕೆಳಗಿನದೋ ಎಂದು ನೋಡಿಕೊಂಡು ಗಾಡಿ ಓಡಿಸುತ್ತೀಯ. ಶರ್ಟಿನ ಬಣ್ಣವನ್ನು ಅಂಗಡಿಯವನ ಹತ್ತಿರ ಯಾವ ಸಂಕೋಚವೂ ಇಲ್ಲದೆ ಕೇಳುತ್ತೀಯ. ಟೊಮೇಟೊವನ್ನು ಹಿಸುಕಿ, ಮೂಸಿ ಆರಿಸುತ್ತೀಯ — ನನ್ನಪ್ಪ ಬಾಡು ಹಿಸುಕಿ ನೋಡುತ್ತಿದ್ದನಲ್ಲ, ಹಾಗೆಯೇ. ಇಷ್ಟೇ ತಾನೆ? ಇದರಲ್ಲಿ ಮುಚ್ಚಿಡುವಂಥದ್ದು ಏನಿತ್ತು?

ನಿಮ್ಮಪ್ಪ ಮಾತ್ರ ಇನ್ನೂ ಅದನ್ನು ನಂಬಿಲ್ಲ. ಕಣ್ಣಿನ ಮಾತೆಲ್ಲ ಸೋಮಾರಿಯ ನೆಪ ಎನ್ನುತ್ತಾರೆ, ನೆನ್ನೆಯೂ ಊಟದ ಮುಂದೆ ದಂಡಪಿಂಡ ಎಂದರು. ನೀನು ತಲೆ ತಗ್ಗಿಸಿ ಉಂಡೆ. ನಾನು ಸಾರು ಬಡಿಸಿದೆ.

ಇವತ್ತು ಅವರು ತೋಟದಿಂದ ಬರಲಿ, ನೀನು ಡೈರಿಯಿಂದ ಬಾ. ಇಬ್ಬರನ್ನೂ ಕೂರಿಸಿಕೊಂಡು ತಾತನ ಕಣ್ಣಿನ ವಿಷಯ, ಆ ದಿನ ನಾನು ಆಡಿದ ಮಾತು, ಹೋದ ವರ್ಷದ ಸುಳ್ಳು, ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತೇನೆ. ನಿನ್ನದು ಮೆದು ಮನಸ್ಸು, ಆಗಲೂ ನೀನು 'ಬಿಡಮ್ಮ, ನಿಂಗೇನು ಗೊತ್ತಿತ್ತು' ಎನ್ನಲು ಬಾಯಿ ತೆರೆಯುತ್ತೀಯ.

ಅನ್ನಬೇಡ. ನನಗೆ ಗೊತ್ತಿತ್ತು.