ಕಳೆದುಹೋದ ನಾಲ್ಕನೆಯ ಭಾಗ

ಓದದ ಪುಸ್ತಕದ ಬಗ್ಗೆ ಗಂಭೀರವಾಗಿ ಮಾತಾಡುವುದು ಅಂಥ ದೊಡ್ಡ ಪಾಪವೇನಲ್ಲ. ನೀವೂ ಒಮ್ಮೆಯಾದರೂ ಮಾಡಿರುತ್ತೀರಿ, ನನ್ನ ಹತ್ತಿರ ಮುಚ್ಚಿಡಬೇಡಿ. ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದವನು. ಓದದ ಕಾದಂಬರಿಗೆ ಕೊನೆಯನ್ನೇ ಕಟ್ಟಿ ಮೂವರ ಮುಂದೆ ಹೇಳಿಬಿಟ್ಟೆ.

ನಮ್ಮದು ನಾಲ್ಕು ಊರಿನ ನಾಲ್ವರ ಓದುಬಳಗ. ಕೊರಟಗೆರೆಯ ಬಟ್ಟೆ ಅಂಗಡಿ ಶಿವಣ್ಣ, ಶಿರಾದ ಬೈಂಡರ್ ಬಾಷಾ ಸಾಬ್, ಪಾವಗಡದಾಚೆಯ ವಳ್ಳೂರಿನ ನಿವೃತ್ತ ಅಂಗನವಾಡಿ ಟೀಚರ್ ರತ್ನಮ್ಮ, ಮಧುಗಿರಿಯ ನಾನು. ತಿಂಗಳಿಗೊಂದು ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲಿ ಸೇರುತ್ತೇವೆ. ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದ ಕಾದಂಬರಿಗಳನ್ನಷ್ಟೇ ಓದುವುದು ನಮ್ಮ ನೇಮ. ತೀರ್ಪುಗಾರರಿಗಿಂತ ಮೊದಲು ತೀರ್ಪು ಕೊಡುವ ಚಪಲ, ಅಷ್ಟೆ. ನಾವು ಮೆಚ್ಚಿದ್ದಕ್ಕೆ ಇದುವರೆಗೆ ಪ್ರಶಸ್ತಿ ಬಂದದ್ದಿಲ್ಲ.

ಈ ಸಲ ಸಿಕ್ಕಿದ್ದು ಒಂದೇ ಪ್ರತಿ. "ಫಿಕರ್ ಬುಡಿ ಸಾರ್" ಎಂದ ಬಾಷಾ ಸಾಬ್ ಹೊಲಿಗೆ ಬಿಚ್ಚಿ ಅದನ್ನು ನಾಲ್ಕು ಭಾಗ ಮಾಡಿಬಿಟ್ಟರು. ಒಬ್ಬೊಬ್ಬರಿಗೆ ಒಂದೊಂದು ಭಾಗ, ತಿಂಗಳಿಗೊಮ್ಮೆ ಅದಲುಬದಲು. ಕಥೆ ಹಿಂದುಮುಂದಾದರೂ ಸರಿಯೇ, ಎಲ್ಲರದೂ ಮುಗಿಯುವವರೆಗೆ ಯಾರೂ ಬಾಯಿ ಬಿಡಬಾರದೆಂದು ಒಪ್ಪಂದವಾಯಿತು. ಯೋಚಿಸಿದರೆ ಮನುಷ್ಯರನ್ನೂ ನಾವು ಹೀಗೆಯೇ ಓದುವುದು. ಅಜ್ಜನದು ಕೊನೆಯ ಭಾಗ ಮಾತ್ರ ಸಿಗುತ್ತದೆ, ಮೊಮ್ಮಕ್ಕಳದು ಮೊದಲ ಭಾಗ ಮಾತ್ರ. ನನ್ನ ಹೆಂಡತಿಯ ಮೊದಲ ಭಾಗ ಇಂದಿಗೂ ಅವಳ ತವರಿನವರ ಬಳಿಯೇ ಇದೆ.

ಕೊನೆಯ ಭಾಗ ಮೊದಲ ತಿಂಗಳು ರತ್ನಮ್ಮನಿಗೆ ಬಂತು, ಎರಡನೆಯ ತಿಂಗಳು ನನಗೆ. ಮೊದಲ ಭಾಗದ ಬೆನ್ನಿಗೇ ಕೊನೆ ಓದಲು ಮನಸ್ಸು ಬಾರದೆ ಕಿಟಕಿಯಲ್ಲಿಟ್ಟೆ. ಹಳೆಯ ಓಲೆಗರಿಗಳಲ್ಲಿ ಕೊನೆಯ ಗರಿಯನ್ನು ಗೆದ್ದಲು ತಿಂದಿದ್ದರೆ ಪಂಡಿತರು 'ಇಲ್ಲಿ ಗ್ರಂಥಪಾತ' ಎಂದು ಬರೆದು ಮರ್ಯಾದೆಯಿಂದ ಮುಂದೆ ಹೋಗುತ್ತಾರೆ. ನನಗೆ ಆ ಭಾಗ್ಯವಿಲ್ಲ. ರಟ್ಟಿಲ್ಲದ ಪುಸ್ತಕ ರದ್ದಿಯೆಂದು ತಿಳಿದು ಹೆಂಡತಿ ಅದನ್ನು ಹಳೆ ಪೇಪರಿನವನಿಗೆ ಹಾಕಿಬಿಟ್ಟಿದ್ದಳು.

ಪೇಟೆಯ ಕಡಲೆಕಾಯಿ ಗಾಡಿಗಳನ್ನೆಲ್ಲ ಸುತ್ತಿ ಪೊಟ್ಟಣ ಬಿಚ್ಚಿ ಬಿಚ್ಚಿ ನೋಡಿದೆ. ಅಷ್ಟೂ ಕಡಲೆಕಾಯಿ ತಿಂದು ಸಿಕ್ಕಿದ್ದು ಪಿತ್ತ ಮಾತ್ರ. ಪ್ರಕಾಶಕರಿಗೆ ಫೋನು ಮಾಡಿದರೆ, ಪ್ರಶಸ್ತಿ ಬಂದರೆ ಮರುಮುದ್ರಣ, ಇಲ್ಲದಿದ್ದರೆ ಇಲ್ಲ ಎಂದರು. ಆ ಕಾದಂಬರಿಗೆ ಪ್ರಶಸ್ತಿ ಬರಲೆಂದು ಬರೆದವರಿಗಿಂತ ಹೆಚ್ಚು ಹರಕೆ ಹೊತ್ತವನು ನಾನು. ಬರಲಿಲ್ಲ.

ಮರೆತೆ, ಯಾರಿಗೋ ಕೊಟ್ಟೆ ಎಂದು ಎರಡು ತಿಂಗಳು ತಳ್ಳಿದೆ. ಆ ಪುಸ್ತಕದ ಕೊನೆಯ ಸಭೆಯಲ್ಲಿ ಶಿವಣ್ಣ, "ಓಗ್ಲಿ ಬುಡಿ ಸಾ, ಕೊನೆ ಏನಾಯ್ತು ಅಂತ ಬಾಯಲ್ಲೇ ಏಳ್ಬುಡಿ" ಎಂದ.

ಅದು ಮಾತು ಬಿಟ್ಟ ಅಕ್ಕತಂಗಿಯರ ಕಥೆ. ಮೂರನೆಯ ಭಾಗದ ಕೊನೆಗೆ ಅಕ್ಕ ಎಷ್ಟೋ ವರ್ಷದ ಮೇಲೆ ತಂಗಿಯ ಬಾಗಿಲು ತಟ್ಟುತ್ತಾಳೆ. ಮುಂದಿನದು ಗೊತ್ತಿದ್ದದ್ದು ರತ್ನಮ್ಮ ಒಬ್ಬರಿಗೇ, ಅವರು ನನ್ನ ಎದುರಿಗೇ ಕೂತಿದ್ದರು. ನಿಜ ಹೇಳಿಬಿಡೋಣವೆಂದೇ ಬಾಯಿ ತೆರೆದೆ. "ತಂಗಿ ಬಾಗಿಲು ತೆಗೆದಳು" ಎಂದು ಹೊರಬಿತ್ತು. ಒಂದು ಸುಳ್ಳಿಗೆ ಇನ್ನೊಂದು ಜೊತೆಯಿರಲೆಂದು ಅಕ್ಕನಿಗೆ ಬಿಸಿ ಮುದ್ದೆಯನ್ನೂ ಹಾಕಿಸಿದೆ. ಬಾಷಾ ಸಾಬ್ ಕಣ್ಣೊರೆಸಿಕೊಂಡರು. ಮುದ್ದೆ ಸ್ವಲ್ಪ ಜಾಸ್ತಿಯಾಯಿತೆಂದು ಶಿವಣ್ಣ ವಿಮರ್ಶೆ ಮಾಡಿದ. ರತ್ನಮ್ಮ ಬಸ್ಸಿಗೆ ಹೊತ್ತಾಯಿತೆಂದು ಚೀಲ ಎತ್ತಿಕೊಂಡರು.

ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ಅವರು ಮೆಲ್ಲಗೆ, "ಪುಸ್ತಕದಾಗೆ ತಂಗಿ ಬಾಗ್ಲು ತೆಗ್ಯಲ್ಲ ಸಾ" ಎಂದರು. ನಾಚಿಕೆಯಿಂದ ಕುಗ್ಗಿಹೋದೆ. ಎಲ್ಲವನ್ನೂ ಒಪ್ಪಿಕೊಂಡೆ.

"ಪರವಾಲೇದು ಬುಡಿ. ಸೋಲಾರ್ ಕಂಪ್ನಿಗೆ ಜಮೀನು ಕೊಡೋ ವಿಷ್ಯದಾಗೆ ಕ್ಯಾತಗಾನಚೆರ್ಲು ಊರಾಗಿರೋ ನನ್ ತಂಗಿಗೂ ನಂಗೂ ಆರು ವರ್ಷದಿಂದ ಮಾತಿಲ್ಲ. ಓಗಾನ ಅಂತ ಸೀರೆ ತೆಗ್ದಿಟ್ಟಿದ್ದೆ. ಆ ಕೊನೆ ಓದ್ಬುಟ್ಟು ಸುಮ್ನಾದೆ. ಇವತ್ತು ನೀವು ಬಾಗ್ಲು ತೆಗೆಸ್ಬುಟ್ರಿ. ಯಾವ್ದು ದಿಟವೋ ಓಗಿ ನೋಡ್ತೀನಿ" ಎಂದವರೇ ಬಸ್ ಹತ್ತಿದರು.

ಆ ತಿಂಗಳು ನನಗೆ ನೆಮ್ಮದಿಯಿರಲಿಲ್ಲ. ಕಲೆಯ ದೃಷ್ಟಿಯಿಂದ ಬರೆದವರ ಕೊನೆಯೇ ಮೇಲಿರಬೇಕು, ಸುಮ್ಮನೆ ಪಟ್ಟಿಗೆ ಬರುತ್ತದೆಯೇ? ಬಾಗಿಲುಗಳ ಸ್ವಭಾವ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ನನ್ನ ಹೇಡಿತನಕ್ಕೆ ಹುಟ್ಟಿದ ಸುಳ್ಳನ್ನು ನಂಬಿ ಆ ಹೆಂಗಸು ಹೊಸ್ತಿಲಾಚೆ ನಿಂತು ಹಿಂದಿರುಗಿದರೆ? ಪ್ರಶಸ್ತಿಗೆ ಹೊತ್ತ ಹರಕೆಯನ್ನೆಲ್ಲ ಕಾಣದ ಆ ಬಾಗಿಲಿಗೆ ವರ್ಗಾಯಿಸಿದೆ. ಫೋನು ಮಾಡಿ ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಮುಂದಿನ ಸಭೆಗೆ ರತ್ನಮ್ಮ ತಡವಾಗಿ ಬಂದರು. ಹಿಂದೆ ಅವರದೇ ಮೂಗು, ಅವರದೇ ನಡಿಗೆಯ ಇನ್ನೊಬ್ಬ ಹೆಂಗಸು. ಆಕೆ ಚಪ್ಪಲಿ ಬಿಡುತ್ತಲೇ, "ಸುಳ್ಳು ಕೊನೆ ಹೇಳ್ದೋರು ಯಾರಮ್ಮ ಇವ್ರಾಗೆ?" ಎಂದು ಕೇಳಿದರು. ಶಿವಣ್ಣ, ಬಾಷಾ ಸಾಬ್ ಇಬ್ಬರೂ ನನ್ನತ್ತ ತಿರುಗಿದರು. ಒಳಗಿನಿಂದ ನನ್ನ ಹೆಂಡತಿಯೂ ಇಣುಕಿದಳು.

"ಬಾಗ್ಲು ತೆಗ್ದಿದ್ದು ದಿಟ ಸಾ. ಮುದ್ದೆ ಮಾತ್ರ ಸುಳ್ಳು. ಅವತ್ತು ಅನ್ನ ಮಾಡಿದ್ದೆ" ಎಂದು ಆಕೆ ಅಕ್ಕನ ಪಕ್ಕದಲ್ಲೇ ಕೂತರು.

ಹೊಸ ಕಾದಂಬರಿಯನ್ನು ಬಾಷಾ ಸಾಬ್ ಅಂದೇ ಐದು ಭಾಗ ಮಾಡಿದರು. ಕೊನೆಯ ಭಾಗ ನನ್ನ ಮನೆಗೆ ಬರಕೂಡದೆಂಬ ಠರಾವು ಸರ್ವಾನುಮತದಿಂದ ಪಾಸಾಯಿತು. ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಾನೇ.